ತೊಂಬತ್ತನಾಲ್ಕನೇ ಪುಟದ ಹದಿನಾರು ಪೈ

ಅಜಯಕುಮಾರ ಹೇಡಿ. ಸಿಟ್ಟಿನಲ್ಲಿ ಹೇಳುತ್ತಿರುವ ಮಾತಲ್ಲ. ಇಪ್ಪತ್ತಮೂರು ವರ್ಷ ಅವನನ್ನು ನೋಡಿದ್ದೇನೆ. ಮೊದಲು ನನ್ನ ವಿದ್ಯಾರ್ಥಿಯಾಗಿ, ಆಮೇಲೆ ಗದಗಿನ ಒಂದು ಖಾಸಗಿ ಕಾಲೇಜಿನಲ್ಲಿ ಗಣಿತ ಕಲಿಸುವ ತಾತ್ಕಾಲಿಕ ಉಪನ್ಯಾಸಕನಾಗಿ. ಮೇಲಿನವರ ಮಾತಿಗೆ ಅವನು ಒಮ್ಮೆಯೂ ಇಲ್ಲ ಎಂದದ್ದನ್ನು ಕೇಳಿಲ್ಲ. ಬುದ್ಧಿ ಸಾಲದೆ ಹಾಗಿದ್ದರೆ ಕ್ಷಮಿಸಬಹುದಿತ್ತು. ಅವನಿಗೆ ಬುದ್ಧಿಯಿದೆ.

ಹದಿನೇಳು ವರ್ಷದಿಂದ ಅವನ ಬದುಕು ಒಂದೇ ಅಳತೆಯಲ್ಲಿ ನಡೆದಿದೆ. ಪರೀಕ್ಷೆ ಮುಗಿದೊಡನೆ ಕೈಗೆ ಬಿಡುಗಡೆ ಪತ್ರ, ಹೊಸ ವರ್ಷ ಶುರುವಾದಾಗ ಮತ್ತೆ ಕರೆ. ನಡುವಿನ ದಿನಗಳಲ್ಲಿ ಬೆಟಗೇರಿಯ ಮನೆಯಲ್ಲಿ ತಾಯಿಯ ಮಗ್ಗದ ಪಕ್ಕ ಕೂತು ಲಾಳಿಗೆ ಬೇಕಾದ ನೂಲು ಸುತ್ತಿಕೊಡುವುದು. ಕಾಲೇಜು ನಡೆಯುವಾಗ ವಾರಕ್ಕೆ ಇಪ್ಪತ್ತೆರಡು ತರಗತಿ. ಅದರ ಜೊತೆಗೆ ಪ್ರವೇಶದ ಅರ್ಜಿ ತುಂಬಿಸುವ ಕೆಲಸ, ಆಟೋಟದ ದಿನ ಸುಣ್ಣದ ಗೆರೆ ಎಳೆಸುವ ಕೆಲಸ, ಪ್ರಾಚಾರ್ಯರ ಮನೆಯ ಮದುವೆಯಲ್ಲಿ ಊಟದ ಪಂಕ್ತಿ ನೋಡಿಕೊಳ್ಳುವ ಕೆಲಸ. ಬಿಟ್ಟು ಹೋಗಲು ಬೇರೆ ಜಾಗವಿರಲಿಲ್ಲ. ಬಿಡುತ್ತೇನೆ ಎಂದು ಬಾಯಿಬಿಟ್ಟರೆ ಇರುವ ಜಾಗವೂ ಉಳಿಯುತ್ತಿರಲಿಲ್ಲ. ಹನ್ನೊಂದು ವರ್ಷ ಒಂದೂ ನೇಮಕ ಮಾಡದಿದ್ದ ಆ ಕಾಲೇಜಿನಲ್ಲಿ ಗಣಿತಕ್ಕೆ ಒಂದು ಕಾಯಂ ಹುದ್ದೆ ತೆರೆದಾಗ ಅವನಿಗೆ ನಲವತ್ತನಾಲ್ಕು ತುಂಬಿತ್ತು. ಸಂಸ್ಥೆಯ ನಿಯಮದ ಪ್ರಕಾರ ನಲವತ್ತೈದು ದಾಟಿದವರು ಅರ್ಜಿ ಹಾಕುವಂತಿಲ್ಲ. ಈ ಹುದ್ದೆ ಸಿಗಬೇಕು, ಇಲ್ಲದಿದ್ದರೆ ಸಾಯುವತನಕ ತಾತ್ಕಾಲಿಕ.

ವಿದ್ಯಾರ್ಥಿಯಾಗಿದ್ದಾಗ ಅವನು ನನ್ನ ಗಮನಕ್ಕೆ ಬಂದದ್ದು ಒಂದು ತಪ್ಪಿನಿಂದ. ಒಂದು ಆಕೃತಿಯನ್ನು ಅಕ್ಷದ ಸುತ್ತ ತಿರುಗಿಸಿದರೆ ಒಂದು ಘನವಸ್ತು ಹುಟ್ಟುತ್ತದೆ. ಅದರ ಘನಫಲ ಕಂಡುಹಿಡಿಯುವ ದಾರಿಗಳಲ್ಲಿ ಶೆಲ್ ವಿಧಾನ ಒಂದು. ವಸ್ತುವನ್ನು ಒಂದರೊಳಗೊಂದು ಕೂತ ತೆಳು ಕೊಳವೆಗಳೆಂದು ತಿಳಿಯಬೇಕು. ಒಂದು ಕೊಳವೆಯನ್ನು ಸೀಳಿ ಬಿಚ್ಚಿದರೆ ಹಾಳೆಯಾಗುತ್ತದೆ. ಹಾಳೆಯ ಉದ್ದ ಕೊಳವೆಯ ಸುತ್ತಳತೆ, ಅಗಲ ಕೊಳವೆಯ ಎತ್ತರ, ದಪ್ಪ ತೀರ ಸಣ್ಣದು. ಅಂಥ ಹಾಳೆಗಳನ್ನೆಲ್ಲ ಕೂಡಿಸಿದರೆ ಘನಫಲ ಬಂತು. ಸುತ್ತಳತೆಗೆ ಬೇಕಾದ ತ್ರಿಜ್ಯವನ್ನು ನಟ್ಟನಡುವಿನ ಅಕ್ಷದಿಂದ ಅಳೆಯಬೇಕು. ಅಜಯಕುಮಾರ ಅದನ್ನು ಆಕೃತಿಯ ಒಳ ಅಂಚಿನಿಂದ ಅಳೆದಿದ್ದ. ಐದು ಲೆಕ್ಕಗಳಲ್ಲೂ ಹಾಗೆಯೇ. ಐದಕ್ಕೂ ಸೊನ್ನೆ ಕೊಟ್ಟೆ. ಆದರೆ ಅಜಾಗರೂಕತೆಯ ತಪ್ಪು ಐದು ಸಲ ಒಂದೇ ರೀತಿ ಬರುವುದಿಲ್ಲ.

ಕಾರಣ ತಿಳಿದದ್ದು ಆ ವರ್ಷ ಸೀರೆ ಕೊಳ್ಳಲು ಬೆಟಗೇರಿಗೆ ಹೋದಾಗ. ಅವನ ತಾಯಿ ಬನಶಂಕರೆವ್ವ ಮಗ್ಗದಲ್ಲಿದ್ದರು. ನೇಯಲು ಇನ್ನೆಷ್ಟು ಹಾಸು ಉಳಿದಿದೆ ಎಂದು ಕೇಳಿದೆ. ಆಕೆ ಹಾಸಿನ ನೂಲು ಸುತ್ತಿದ ಮರದ ದಿಂಡಿನ ಮೇಲೆ ಬೆರಳಿಟ್ಟು, ಮರದಿಂದ ಮೇಲಕ್ಕೆ ನೂಲಿನ ದಪ್ಪ ಎಷ್ಟು ಬೆರಳು ಎಂದು ನೋಡಿದರು.

"ಎರಡ ಬಟ್ಟ ಐತ್ರಿ ಬಾಯಾರ. ಎರಡ ಸೀರಿ ಆಗತಾವ."

"ನಡುವಿನ ಮರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೇ?"

"ಕಟ್ಟಿಗಿ ಯಾಕ ಹಿಡೀಬೇಕ್ರಿ?" ಎಂದು ಆಕೆ ನಕ್ಕರು. "ಕಟ್ಟಿಗಿ ಯಾರರ ಉಟಕೊಂತಾರೇನ್ರಿ?"

ದಿಂಡು ಯಾವಾಗಲೂ ಅದೇ ಆದ್ದರಿಂದ ಆಕೆಯ ಅಂದಾಜು ತಪ್ಪುತ್ತಿರಲಿಲ್ಲ. ನಡೆಯಲು ಕಲಿತ ದಿನದಿಂದ ಅದನ್ನು ನೋಡಿದ ಮಗ, ಸುತ್ತಿದ ಯಾವುದನ್ನೇ ಕಂಡರೂ ಮರದಿಂದ ಮೇಲಕ್ಕೆ ಅಳೆಯುತ್ತಿದ್ದ. ಮರುದಿನ ಅವನಿಗೆ ಇದನ್ನು ವಿವರಿಸಿದೆ. ಒಮ್ಮೆಗೇ ಅರ್ಥ ಮಾಡಿಕೊಂಡ.

ಅರ್ಥವಾದದ್ದು ಕೈಗೂ ಬಂತು ಎನ್ನುವಂತಿಲ್ಲ. ಆರು ವರ್ಷದ ಹಿಂದೆ ಕಾಲೇಜಿನ ಪ್ರಾಚಾರ್ಯ ಉಳವಪ್ಪನವರಿಗೆ ತಮ್ಮ ಹೆಸರಿನಲ್ಲಿ ಒಂದು ಗಣಿತದ ಗೈಡು ಬರಬೇಕು ಎನಿಸಿತು. ಬರೆಯುವ ಕೆಲಸ ಅಜಯಕುಮಾರನ ಪಾಲಿಗೆ ಬಂತು. ನಲವತ್ತು ದಿನದಲ್ಲಿ ಇನ್ನೂರ ಹತ್ತು ಪುಟ ಬರೆದು ಕೊಟ್ಟ. ಅವಸರದಲ್ಲಿ ಕೈ ಹಳೆಯ ದಾರಿ ಹಿಡಿಯಿತು. ತೊಂಬತ್ತನಾಲ್ಕನೇ ಪುಟದಲ್ಲಿ ಶೆಲ್ ವಿಧಾನದ ಮೊದಲ ಉದಾಹರಣೆಗೆ ಹದಿನಾರು ಪೈ ಎಂಬ ಉತ್ತರ ಅಚ್ಚಾಯಿತು. ಸರಿಯಾದ ಉತ್ತರ ಮೂವತ್ತೆರಡು ಪೈ.

ಮರುವರ್ಷ ತಪ್ಪು ಅವನ ಕಣ್ಣಿಗೇ ಬಿತ್ತು. ಪುಸ್ತಕ ಹಿಡಿದು ನನ್ನ ಮನೆಗೆ ಬಂದ. ಪ್ರಾಚಾರ್ಯರಿಗೆ ಹೇಳಿ ಒಂದು ತಿದ್ದುಪಡಿ ಚೀಟಿ ಅಂಟಿಸಬೇಕು, ಅಷ್ಟೇ ಎಂದೆ. ವಾರದ ನಂತರ ಕೇಳಿದಾಗ ನೆಲ ನೋಡಿಕೊಂಡು ನಿಂತ.

"ಹೋಗಿದ್ನಿರಿ ಮೇಡಂ. ಸರ್ ಊಟಕ್ಕ ಕುಂತಿದ್ರು."

"ಊಟ ಎಷ್ಟು ದಿನ ನಡೆಯಿತು?"

ಆಮೇಲೆ ಐದು ವರ್ಷ ಅದೇ ಪುಸ್ತಕದಿಂದ ಹದಿನಾರು ಪೈ ಎಂದೇ ಕಲಿಸಿದ. ಮಕ್ಕಳು ಬಾಯಿಪಾಠ ಮಾಡಿದರು. ಕಾಲೇಜಿನ ಒಳಗಿನ ಪರೀಕ್ಷೆಯಲ್ಲಿ ಆ ಉತ್ತರಕ್ಕೆ ಅವನೇ ಅಂಕ ಕೊಟ್ಟ. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಅಂಕ ಹೋದಾಗ ಮಕ್ಕಳು ಮೌಲ್ಯಮಾಪಕರನ್ನು ಬೈದುಕೊಂಡರು. ನಾನು ಅವನನ್ನು ಹೇಡಿ ಎನ್ನುವುದು ಇದಕ್ಕೆ.

ಆಯ್ಕೆ ಸಮಿತಿಗೆ ಹೊರಗಿನ ವಿಷಯತಜ್ಞೆಯಾಗಿ ನನ್ನನ್ನು ಕರೆದಿದ್ದರು. ನನ್ನ ಜೊತೆ ಉಳವಪ್ಪನವರು, ಮತ್ತು ಆಡಳಿತ ಮಂಡಳಿಯ ಪರವಾಗಿ ಬಟ್ಟೆ ಅಂಗಡಿಯ ಅಂದಪ್ಪ. ಅಭ್ಯರ್ಥಿಗಳು ಇಬ್ಬರೇ. ಮುಂಡರಗಿ ಕಡೆಯ ಲಕ್ಷ್ಮೀದೇವಿ ಎಂಬಾಕೆ ಬೆಳಿಗ್ಗೆ ಪಾಠ ಮಾಡಿ ಮುಗಿಸಿದ್ದಳು. ಒಳ್ಳೆಯ ಪಾಠ. ಚಹ ಕುಡಿಯುವಾಗ ಅಂದಪ್ಪ ನನ್ನ ಹತ್ತಿರ ಕುರ್ಚಿ ಎಳೆದುಕೊಂಡರು.

"ಹುದ್ದೆ ನಿಮ್ಮ ಹುಡುಗಂದ ಅಂತ ತಿಳೀರಿ ಮೇಡಂ. ಸರ್ ಒಪ್ಪ್ಯಾರ. ಬಾಯಿ ಸತ್ತಾಂವ, ಹೇಳಿದ್ದ ಮಾಡತಾನ. ಅಂಥಾಂವ ಎಲ್ಲಿ ಸಿಗತಾನ?"

"ಹಾಗಿದ್ದರೆ ಪಾಠ ಯಾಕೆ ಮಾಡಿಸುತ್ತೀರಿ?"

"ಬಾಯಿ ಖರೇನ ಸತ್ತೈತೋ ಇಲ್ಲೋ ನೋಡಬೇಕಲ್ರಿ!" ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ಪಾಠದ ವಿಷಯವನ್ನು ಚೀಟಿ ಎತ್ತಿಸಿ ನಿರ್ಧರಿಸುವ ಪದ್ಧತಿ. ಅಜಯಕುಮಾರ ಎತ್ತಿದ ಚೀಟಿಯನ್ನು ಬಿಚ್ಚಿ ಓದಿದ ಉಳವಪ್ಪನವರ ಮುಖ ಅರಳಿತು.

"ಶೆಲ್ ಮೆಥಡ್! ನಮ್ಮ ಪುಸ್ತಕದಾಗ ಭಾಳ ಚೊಲೋ ಐತಿ. ಅದರಾಗಿನ ಮೊದಲನೇ ಲೆಕ್ಕಾನ ಮಾಡ್ರಿ ಅಜಯಕುಮಾರ. ಹುಡುಗೂರಿಗೂ ಸೋಮವಾರ ಪರೀಕ್ಷಾ ಐತಿ, ಮತ್ತೊಮ್ಮೆ ಓದಿಸಿದಂಗ ಆತು."

"ಹೌದ್ರಿ ಸರ್" ಎಂದ. ನನ್ನ ಕಡೆ ನೋಡಲಿಲ್ಲ. ಪುಸ್ತಕದ ಉತ್ತರ ಬರೆದರೆ ತಪ್ಪು ನನಗೆ ಗೊತ್ತಿದೆ. ಸರಿಯಾದ ಉತ್ತರ ಬರೆದರೆ ಪುಸ್ತಕದ ಮೇಲೆ ಹೆಸರಿರುವವರು ಎದುರಿಗೇ ಕೂತಿದ್ದಾರೆ. ಆ ತರಗತಿಯ ಕೋಣೆಗೆ ಒಂದೇ ಬಾಗಿಲು. ನಾವು ಮೂವರು ಕುರ್ಚಿ ಹಾಕಿಕೊಂಡು ಕೂತದ್ದೂ ಅದಕ್ಕೆ ಅಡ್ಡವಾಗಿ.

ಬೆಂಚುಗಳ ಮೇಲೆ ನಲವತ್ತು ವಿದ್ಯಾರ್ಥಿಗಳಿದ್ದರು. ಹಮ್ಮಿಗಿಯಿಂದ, ಶಿರಹಟ್ಟಿಯಿಂದ ಬೆಳಗಿನ ಬಸ್ಸಿಗೆ ಬಂದವರು ಆಗಲೇ ದಣಿದಿದ್ದರು. ಅವನು ಬೋರ್ಡಿನ ಹತ್ತಿರವಿದ್ದ ಕೋಲು ತೆಗೆದುಕೊಂಡು ಅದಕ್ಕೆ ಹಳೆಯ ದಿನಪತ್ರಿಕೆ ಸುತ್ತಿದ. ಲಕ್ಷ್ಮೇಶ್ವರದಿಂದ ಬರುವ ದಿಲಶಾದಬಿ ಎಂಬ ಹುಡುಗಿಯನ್ನು ಎಬ್ಬಿಸಿ ಕೋಲು ಹಿಡಿಸಿದ.

"ಮ್ಯಾಲಿಂದ ಒಂದು ಸುತ್ತು ಬಿಚ್ಚಿದ್ರ ಏನಾತು?"

"ಹಾಳಿ ಆತ್ರಿ ಸರ್."

"ಎಷ್ಟ ಉದ್ದ?"

"ಸುತ್ತಳತಿ ಎಷ್ಟೈತೋ ಅಷ್ಟ್ರಿ."

"ಒಳಗಿನ ಸುತ್ತು ಬಿಚ್ಚಿದ್ರ?"

"ಗಿಡ್ಡ ಬರತೈತ್ರಿ."

"ಇದು ನಾವು ಅಂಗಡ್ಯಾಗ ಬಟ್ಟಿ ಥಾನ್ ಬಿಚ್ಚಿದಂಗ ಆತಲ್ಲೋ ಅಜ್ಯಾ!" ಎಂದರು ಅಂದಪ್ಪ. "ಹಂಗಾರ ನಾನೂ ನಲವತ್ತ ವರ್ಷ ಗಣಿತಾನ ಮಾಡೀನಿ."

ಹುಡುಗರು ನಕ್ಕರು. ಇಷ್ಟು ಚೆನ್ನಾಗಿ ಅದನ್ನು ಯಾರೂ ಕಲಿಸಿದ್ದನ್ನು ನಾನು ನೋಡಿಲ್ಲ. ನಾನು ಕಲಿಸಿದ್ದನ್ನೂ ಸೇರಿಸಿ ಹೇಳುತ್ತಿದ್ದೇನೆ.

ಆಮೇಲೆ ಬೋರ್ಡಿಗೆ ತಿರುಗಿದ. ಅಕ್ಷದಿಂದ ಒಂದು ಮಾನ ದೂರದಲ್ಲಿ ಶುರುವಾಗಿ ಮೂರು ಮಾನ ದೂರಕ್ಕೆ ಮುಗಿಯುವ, ನಾಲ್ಕು ಮಾನ ಎತ್ತರದ ಒಂದು ಆಯತ. ಅದನ್ನು ತಿರುಗಿಸಿದರೆ ನಡುವೆ ತೂತಿರುವ ದಪ್ಪ ಸಿಲಿಂಡರ್ ಆಗುತ್ತದೆ. ಅಕ್ಷದಿಂದ ಕೊಳವೆಗಿರುವ ದೂರವನ್ನು ಎಕ್ಸ್ ಎಂದು ಕರೆದು, ಎರಡು ಪೈ ಎಂದು ಬರೆದ. ತ್ರಿಜ್ಯ ಬರೆಯಬೇಕಾದ ಕಡೆ ಜಾಗ ಬಿಟ್ಟು ಮುಂದೆ ಎತ್ತರ ನಾಲ್ಕು ಎಂದು ಬರೆದ. ಜಾಗ ಹಾಗೆಯೇ ಉಳಿಯಿತು. ಅದರ ಎದುರು ಸೀಮೆಸುಣ್ಣ ಹಿಡಿದು ನಿಂತ.

ಮಕ್ಕಳಿಗೆ ಸರ್ ಮರೆತಿದ್ದಾರೆ ಎನಿಸಿತು.

"ಎಕ್ಸ್ ಮೈನಸ್ ಒಂದು ಸರ್!" ಎಂದು ಹಿಂದಿನಿಂದ ಕೂಗು ಬಂತು. "ಉತ್ತರ ಹದಿನಾರು ಪೈ ಸರ್!" ಎಂದು ಇಡೀ ತರಗತಿ ಒಂದೇ ಧ್ವನಿಯಲ್ಲಿ ಹೇಳಿತು. ಉಳವಪ್ಪನವರು ತಲೆ ಆಡಿಸಿದರು.

ಅವನು ಅದನ್ನೇ ತುಂಬಿದ. ಹದಿನಾರು ಪೈ ಎಂದು ಬರೆದು ಅಡಿಗೆರೆ ಎಳೆದ. ನನಗೆ ಆಶ್ಚರ್ಯವಾಗಲಿಲ್ಲ.

ಬಂದ ಉತ್ತರವನ್ನು ಬೇರೆ ದಾರಿಯಿಂದ ತಾಳೆ ನೋಡಿಸುವುದು ನನ್ನ ರೂಢಿ. ಬೆಳಿಗ್ಗೆ ಲಕ್ಷ್ಮೀದೇವಿಗೂ ಅದನ್ನೇ ಕೇಳಿದ್ದೆ. ಇವನಿಗೂ ಕೇಳಿದೆ.

"ವ್ಯಾಳ್ಯಾ ಆತೇನೋರಿ ಮೇಡಂ" ಎಂದ.

"ಇನ್ನೂ ಆರು ನಿಮಿಷ ಇದೆ."

ಮಾಡಿದ. ಹೊರಗಿನ ಸಿಲಿಂಡರ್: ತ್ರಿಜ್ಯ ಮೂರು, ಎತ್ತರ ನಾಲ್ಕು, ಘನಫಲ ಮೂವತ್ತಾರು ಪೈ. ನಡುವಿನ ತೂತು: ತ್ರಿಜ್ಯ ಒಂದು, ಘನಫಲ ನಾಲ್ಕು ಪೈ. ಕಳೆದರೆ ಮೂವತ್ತೆರಡು ಪೈ. ಬೋರ್ಡಿನ ಮೇಲೆ ಒಂದೇ ವಸ್ತುವಿಗೆ ಎರಡು ಉತ್ತರಗಳು ನಿಂತವು. ಮಕ್ಕಳು ಮುಖ ಮುಖ ನೋಡಿಕೊಂಡರು.

"ಎಲ್ಲೋ ಎಡವಟ್ಟ ಮಾಡೀರಿ, ನೋಡ್ರಿ" ಎಂದರು ಉಳವಪ್ಪನವರು.

"ಹೌದ್ರಿ ಸರ್. ತಪ್ಪು ನಂದ್ರಿ."

"ಗಾಬರಿ ಆಗ್ಯಾನ ಪಾಪ" ಎಂದು ಅವರು ನನ್ನತ್ತ ಬಾಗಿ ಹೇಳಿದರು. ಅಲ್ಲಿಗೆ ಮುಗಿಯಬಹುದಿತ್ತು. ಗಾಬರಿಯಿಂದ ಎಡವಿದ ಅಭ್ಯರ್ಥಿಗೂ ಹುದ್ದೆ ಕೊಡಲು ಅವರು ಸಿದ್ಧರಿದ್ದರು. ಆದರೆ ದಿಲಶಾದಬಿ ಪುಸ್ತಕ ತೆರೆದುಕೊಂಡು ಎದ್ದು ನಿಂತಳು.

"ಸರ್, ಪುಸ್ತಕದಾಗೂ ಹಿಂಗ ಐತಲ್ರಿ. ಸೋಮವಾರ ನಾವು ಯಾವುದ ಬರೀಬೇಕ್ರಿ?"

"ಕುಂಡ್ರವಾ" ಎಂದರು ಉಳವಪ್ಪನವರು, ಅಜಯಕುಮಾರ ಬಾಯಿ ತೆರೆಯುವ ಮೊದಲೇ. "ಛಾಪಾ ತಪ್ಪಿರತೈತಿ. ಪ್ರೆಸ್ಸಿನವರು ಏನರ ಹಚ್ಚಿ ಬಿಡತಾರ. ಹೌದಲ್ರಿ ಅಜಯಕುಮಾರ?"

ಯಾರಿಗೂ ನೋವಾಗದ ದಾರಿ ಅದು. ಹೌದು ಎಂದರೆ ಸಾಕಿತ್ತು. ಆ ಮಾತು ಅವನಿಗೆ ಹದಿನೇಳು ವರ್ಷದ ಅಭ್ಯಾಸ. ಆದರೆ ತಪ್ಪಿದ್ದದ್ದು ಒಂದು ಅಂಕಿಯಲ್ಲ. ತ್ರಿಜ್ಯ ಅಳೆಯುವ ಬಗೆಯೇ ತಪ್ಪಾಗಿ ಆ ಪುಟದ ಏಳು ಸಾಲು ಅದರ ಮೇಲೆ ನಿಂತಿದ್ದವು. ಉತ್ತರವೊಂದನ್ನೇ ತಿದ್ದಿಕೊಂಡು ಹೋದ ಮಕ್ಕಳು ಸೋಮವಾರ ಬೇರೆ ಲೆಕ್ಕ ಬಂದರೆ ಮತ್ತೆ ಅಲ್ಲೇ ಬೀಳುತ್ತಿದ್ದರು. ಇದು ಆ ಕೋಣೆಯಲ್ಲಿ ನನಗೆ ಗೊತ್ತಿತ್ತು, ಅವನಿಗೆ ಗೊತ್ತಿತ್ತು.

ಅವನು ಕೈಗೆ ಹತ್ತಿದ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡ.

"ಛಾಪಾ ಸರಿ ಐತ್ರಿ ಸರ್. ನಾ ಬರದದ್ದ ತಪ್ಪೈತಿ."

"ನೀ ಬರದದ್ದು?" ಎಂದರು ಅಂದಪ್ಪ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಪುಸ್ತಕದ ಮ್ಯಾಲ ಸರ್ ಹೆಸರ ಐತಲ್ಲೋ!"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಉಳವಪ್ಪನವರು ಪೆನ್ನಿಗೆ ಟೊಪ್ಪಿಗೆ ಹಾಕಿ ಮುಂದಿದ್ದ ಅಂಕಪಟ್ಟಿಯನ್ನು ಮಗುಚಿಟ್ಟರು. ಹುದ್ದೆ ಆ ಹೊತ್ತಿಗೆ ಹೋಯಿತು. ಅದು ಅಜಯಕುಮಾರನಿಗೂ ಕಂಡಿತು. ಮುಂದಿನ ವಾರ ಅದು ಲಕ್ಷ್ಮೀದೇವಿಗೆ ಸಿಕ್ಕಿತು. ಆಕೆ ಅದಕ್ಕೆ ಅರ್ಹಳು, ಆಯ್ಕೆಯ ಹಾಳೆಯ ಮೇಲೆ ನನ್ನ ರುಜುವೂ ಇದೆ.

"ಸಾಕು" ಎಂದರು ಉಳವಪ್ಪನವರು. "ಹೊರಗ ಹೋಗಿ ಕುಂಡ್ರಿ."

ಅಜಯಕುಮಾರ ಮಕ್ಕಳ ಕಡೆ ತಿರುಗಿದ.

"ಎಲ್ಲಾರೂ ತೊಂಬತ್ತನಾಲ್ಕನೇ ಪುಟ ತಗೀರಿ. ಪೆನ್ನ ತಗೊಳ್ರಿ. ಎಕ್ಸ್ ಮೈನಸ್ ಒಂದು ಅನ್ನೂದನ್ನ ಕಾಟ ಹಾಕ್ರಿ. ಬರೇ ಎಕ್ಸ್. ನಟ್ಟನಡುವಿಂದ ಅಳೀಬೇಕು, ಅಂಚಿನಿಂದ ಅಲ್ಲ. ಅದನ್ನ ಬಾಜೂಕ ಬರಕೊಳ್ರಿ."

ಪುಟಗಳು ಮಗುಚುವ ಸದ್ದಾಯಿತು. ಅವನು ಬೆಂಚುಗಳ ನಡುವೆ ಇಳಿದು ಒಬ್ಬೊಬ್ಬರ ಪುಸ್ತಕವನ್ನೂ ಬಾಗಿ ನೋಡುತ್ತ ನಡೆದ. ಬರೇ ಉತ್ತರ ತಿದ್ದಿದ ಒಬ್ಬನ ಪುಸ್ತಕದಲ್ಲಿ ತಾನೇ ಸಾಲು ಹೊಡೆದು ಬರೆದು ಕೊಟ್ಟ.

"ಅಜಯಕುಮಾರ, ಕೇಳಿಸಲಿಲ್ಲೇನು?"

"ಕೇಳಿಸ್ತ್ರಿ ಸರ್" ಎಂದ ಅವನು, ತಿರುಗಿ ನೋಡದೆ. "ಇನ್ನ ಎರಡ ಬೆಂಚ ಉಳದಾವ್ರಿ."