ಫೋನಿಲ್ಲದವರ ಸರದಿ

ಕಣ್ಣಾಸ್ಪತ್ರೆಗೆ ತಂತ್ರಾಂಶ ಬರೆಯುತ್ತಿದ್ದ ಅವಳನ್ನು ಕಚೇರಿಯಲ್ಲಿ ಎಲ್ಲರೂ ‘ದೊಡ್ಡಮ್ಮ’ ಎನ್ನುತ್ತಿದ್ದರು. ವಯಸ್ಸಿಗಲ್ಲ, ಬೈಯುತ್ತಲೇ ಎಲ್ಲರ ಎಡವಟ್ಟುಗಳನ್ನು ಸರಿಪಡಿಸುವ ಗುಣಕ್ಕೆ. ಆಪರೇಷನ್ನಿಗೆ ಯಾರ ಸರದಿ ಬಂತೆಂದು ತೋರಿಸುವ ಪುಟ ಅವಳದೇ ಕೈಕೆಲಸ. ಅವಳು ಚುಟುಕಾಗಿ ಒಂದು ಸಾಲು ಬರೆದರೆ ಸಾಕು, ರೋಗಿಗಳ ವಿವರವಿದ್ದ ಡೇಟಾಬೇಸನ್ನು ಕೇಳಬೇಕಾದ ಉದ್ದನೆಯ ಪ್ರಶ್ನೆಯನ್ನು ಫ್ರೇಮ್‌ವರ್ಕ್ ಎಂಬ ಸಿದ್ಧ ತಂತ್ರಾಂಶ ತಾನೇ ಹೆಣೆದು ಕಳಿಸುತ್ತಿತ್ತು. ಅದನ್ನು ಇಣುಕಿ ನೋಡುವ ಗೋಜಿಗೆ ಅವಳು ಹೋದವಳಲ್ಲ.

ಒಂದು ಬೆಳಿಗ್ಗೆ ಆಸ್ಪತ್ರೆಯ ನರ್ಸ್ ಫೋನ್ ಮಾಡಿದಳು. “ಮೇಡಂ, ಇಲ್ಲೊಬ್ರು ಟೈಲರ್ ಅಜ್ಜಿ ಬಂದು ಕೂತಿದ್ದಾರೆ. ಇವರಾದ್ಮೇಲೆ ಹೆಸರು ಬರೆಸಿದವರಿಗೆಲ್ಲ ಆಪರೇಷನ್ ಆಯ್ತಂತೆ. ಇವರನ್ನ ಕರೆದೇ ಇಲ್ಲ.”

“ನೀವು ಫಾರಂ ಸರಿಯಾಗಿ ತುಂಬಿಸಿರಲ್ಲ, ನೋಡಿ.”

“ತುಂಬಿಸಿದೀನಿ. ಅವರ ಹತ್ರ ಫೋನಿಲ್ಲ, ಆ ಜಾಗ ಖಾಲಿ ಬಿಟ್ಟಿದೀನಿ ಅಷ್ಟೆ.”

ದೊಡ್ಡಮ್ಮ ಫೋನಿಟ್ಟಳು. ಡೇಟಾಬೇಸಿಗೆ ಒಳಗೊಳಗೇ ಹೋಗುವ ಪ್ರಶ್ನೆಗಳನ್ನು ತೋರಿಸುವ ಸೌಲಭ್ಯವನ್ನು ಚಾಲೂ ಮಾಡಿ, ಪುಟವನ್ನು ಮತ್ತೆ ತೆರೆದಳು. ಕಪ್ಪು ಪರದೆಯ ಮೇಲೆ ಸಾಲುಗಳು ಸರಸರನೆ ಇಳಿದವು. ಬೆರಳಿಟ್ಟು ಓದಿದಳು. ರೋಗಿಗಳನ್ನೂ ಫೋನ್ ನಂಬರುಗಳನ್ನೂ ತಾಳೆ ಹಾಕಿ, ಎರಡೂ ಕಡೆ ಇರುವವರನ್ನು ಮಾತ್ರ ಕೊಡು ಎನ್ನುತ್ತಿತ್ತು ಪ್ರಶ್ನೆ. ಹೆಸರಿನ ಪಕ್ಕ ನಂಬರೂ ಕಾಣಲೆಂದು ಅವಳು ಸೇರಿಸಿದ್ದ ಪದವೊಂದು ಫೋನಿಲ್ಲದವರನ್ನೆಲ್ಲ ಸದ್ದಿಲ್ಲದೆ ಹೊರಗೆ ಹಾಕಿತ್ತು. ಪದ ಬದಲಿಸಿದಳು. ಈವರೆಗೆ ಕಾಣದಿದ್ದ ಹೆಸರುಗಳು ಪುಟದ ತಲೆಯಲ್ಲೇ ಸಾಲುಗಟ್ಟಿದವು, ಎಲ್ಲ ಯಾವತ್ತೋ ಬರೆಸಿಹೋದವರದು.

ವಿಷಯ ತಿಳಿದ ಮ್ಯಾನೇಜರ್ ಬಾಗಿಲು ಮುಚ್ಚಿ ಮಾತಾಡಿದ. “ಸರಿ ಮಾಡಿದ್ರಲ್ಲ, ಮುಗೀತು. ಡಂಗುರ ಬೇರೆ ಸಾರಬೇಕಾ?”

“ಕಾದು ಕೂತವರಿಗಾದ್ರೂ ಹೇಳ್ಬೇಕಲ್ಲ” ಎಂದು ಅವಳು ಚೀಲ ಹೆಗಲಿಗೇರಿಸಿದಳು.

ಅವಳು ಆಸ್ಪತ್ರೆ ತಲುಪುವಷ್ಟರಲ್ಲಿ ಅಜ್ಜಿಯ ತಪಾಸಣೆ ಮುಗಿದಿತ್ತು. ಪೊರೆ ಬಲಿತು, ಕಣ್ಣೊಳಗಿನ ಒತ್ತಡ ಏರಿ, ಎಡಗಣ್ಣಿನ ನರವೇ ಹಾಳಾಗಿದೆ, ಬಲಗಣ್ಣನ್ನು ಉಳಿಸಬಹುದು ಎಂದಿದ್ದರು ಡಾಕ್ಟರು. ದೊಡ್ಡಮ್ಮ ಬೆಂಚಿನ ಮೇಲೆ ಅಜ್ಜಿಯ ಪಕ್ಕ ಕುಳಿತಳು.

“ಅಜ್ಜಿ, ನಿಮ್ಮ ಹೆಸರು ಬಿಟ್ಟುಹೋಗಿದ್ದು ನನ್ನಿಂದ.”

“ಹೆಸರು ಬರೆಸಿದ್ದು ನನ್ನ ತಂಗಿ” ಎಂದಳು ಅಜ್ಜಿ. “ನೀನೇ ನೆಟ್ಟಗೆ ಬರೆಸಿಲ್ಲ ಅಂತ ಅವಳ ಮೇಲೆ ಹರಿಹಾಯ್ದೆ. ಈಗ ಮಾತೇ ಬಿಟ್ಟಿದ್ದಾಳೆ.”

“ನಾನೇ ಬಂದು ಹೇಳ್ತೀನಿ ಅವರಿಗೆ.”

“ಬಾ. ಮೊದಲು ನನ್ನ ಥರ ಕೂತಿರೋರನ್ನ ಕರಿ, ಹೋಗು.”

ನರ್ಸ್ ಹತ್ತಿರ ಬಿಟ್ಟುಹೋದವರ ವಿಳಾಸಗಳನ್ನು ಪಡೆದು ದೊಡ್ಡಮ್ಮ ಹೊರಟಳು. ಮೊದಲ ಮನೆಯ ಬಾಗಿಲು ತಟ್ಟಿದಳು, ಒಳಗಿನಿಂದ ಉತ್ತರವಿಲ್ಲ. ಪಕ್ಕದ ಮನೆಯ ಹೆಂಗಸು ಕಿಟಕಿಯಿಂದ ತಲೆ ಹಾಕಿ, “ಕಣ್ಣು ಕಾಣಲ್ಲ ಅವರಿಗೆ, ತಡವ್ಕೊಂಡು ಬರಬೇಕು. ಸ್ವಲ್ಪ ನಿಂತಿರಿ” ಎಂದಳು.

ದೊಡ್ಡಮ್ಮ ನಿಂತಳು. ಒಳಗೆಲ್ಲೋ ಯಾರೋ ಎಡವಿ, ಒಂದು ಕುರ್ಚಿ ಉರುಳಿದ ಸದ್ದಾಯಿತು.