ಅವ್ವನ ಮುಖದ ಮೋಜಣಿ

ನಾನು ಆಗ ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ಮೋಜಣಿದಾರ, ಅಂದರೆ ಸರ್ವೆಯರು. ಗದ್ದೆ, ಕಬ್ಬಿನ ತಾಕುಗಳಲ್ಲಿ ಸರಪಳಿ ಎಳೆದು, ಒಂದು ಗೇಣು ಬದುವಿಗಾಗಿ ಕೈ ಮಿಲಾಯಿಸುವ ಅಣ್ಣತಮ್ಮಂದಿರ ನಡುವೆ ಶಾಂತಿ ಸ್ಥಾಪಿಸುವುದು ಸರ್ಕಾರ ನನಗೆ ವಹಿಸಿದ್ದ ಮಹತ್ಕಾರ್ಯ. ಶಾಂತಿ ಎಲ್ಲೂ ಸ್ಥಾಪನೆಯಾಗಲಿಲ್ಲ. ಅಳತೆ ಮಾತ್ರ ಸರಿಯಾಗಿರುತ್ತಿತ್ತು. ಅಳೆದರೆ ಎಲ್ಲವೂ ಇತ್ಯರ್ಥವಾಗುತ್ತದೆ ಎಂದು ಮನಸಾರೆ ನಂಬಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು.

ಆ ವರ್ಷ ಸುಗ್ಗಿ ಕಳೆದ ಮೇಲೆ ಒಂದು ಬೆಳಿಗ್ಗೆ, ಅರಕೆರೆಯ ನಮ್ಮ ಮನೆಯಲ್ಲಿ ಅವ್ವ ಬಾಯಿ ಮುಕ್ಕಳಿಸಲು ಹೋದರೆ ನೀರು ಎಡಗಡೆಯಿಂದ ತಾನಾಗಿಯೇ ಇಳಿದುಹೋಯಿತು. ಎಡಗಣ್ಣು ಮುಚ್ಚುತ್ತಿರಲಿಲ್ಲ. ಎಡ ಬಾಯಂಚು ಜೋತುಬಿದ್ದಿತ್ತು. ಮುಖದ ನರ ಊದಿಕೊಂಡಿದೆ ಎಂದು ಡಾಕ್ಟರು ಮಾತ್ರೆ ಕೊಟ್ಟರು. ಸ್ನಾಯುಗಳಿಗೆ ದಿನವೂ ವ್ಯಾಯಾಮ ಮಾಡಿಸಿ, ನಿಧಾನಕ್ಕೆ ಸರಿಹೋಗುತ್ತದೆ ಎಂದರು. ಕೆನ್ನೆ ಉಬ್ಬಿಸುವುದು, ಹುಬ್ಬೇರಿಸುವುದು, ‘ಈ’ ಅನ್ನುವುದು, ‘ಊ’ ಅನ್ನುವುದು.

ಅವ್ವ ಒಂದು ದಿನವೂ ತಪ್ಪಿಸಲಿಲ್ಲ. ಆದರೆ ನಮ್ಮ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ಸಾರು ಬಾಯಿಂದ ಸೋರುವುದನ್ನು ಯಾರೂ ನೋಡಕೂಡದು. ಎಲ್ಲರಿಗೂ ಮುದ್ದೆ ಇಕ್ಕಿ, ಎಲ್ಲರದೂ ಆದ ಮೇಲೆ ಹಿತ್ತಲ ಬಾಗಿಲಲ್ಲಿ ನಮಗೆ ಬೆನ್ನು ಮಾಡಿ ಕೂತು ಉಣ್ಣುವಳು. ನೆಂಟರ ಮನೆಗೆ ಹೋದರೆ ಹಸಿವಿಲ್ಲ ಅನ್ನುವಳು. ಮದುವೆಗಳಲ್ಲಿ ಮೊದಲ ಪಂಕ್ತಿಗೇ ಕೂತು, ಬಡಿಸುವವರ ಮೇಲೆ ಅಧಿಕಾರ ಚಲಾಯಿಸುತ್ತಿದ್ದ ಹೆಂಗಸು ಅವಳು.

“ಬಾರವ್ವ, ಒಟ್ಟಿಗೆ ಉಣ್ಣವ” ಅಂದರೆ, “ವಾಸಿಯಾಗ್ಲಿ ಬುಡ್ಲಾ, ಆಮೇಕೆ ಉಂಡ್ರಾಯ್ತು” ಅನ್ನುವಳು. ಸ್ವಲ್ಪ ದಿನ ಬಿಟ್ಟು ಅವಳೇ ಕೇಳತೊಡಗಿದಳು: “ವಾಸಿಯಾಗ್ತಾ ಅದಾ?”

ನನಗೆ ಹೇಗೆ ಗೊತ್ತಾಗಬೇಕು? ಹುಟ್ಟಿದಾಗಿನಿಂದ ನೋಡಿದ ಮುಖ ಅದು, ಅಳೆದು ನೋಡಿದ್ದಲ್ಲ.

ನಾಗಮಂಗಲಕ್ಕೆ ಕೊಟ್ಟಿದ್ದ ನನ್ನ ಅಕ್ಕನ ಮಗ ಮೈಸೂರಿನ ಕಡೆ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದ. ಅವನ ಕೋಣೆಯಲ್ಲಿ ವಿಡಿಯೋ ಕ್ಯಾಮೆರಾಕ್ಕೆ ತಂತಿ ಜೋಡಿಸಿದ ಒಂದು ಕಂಪ್ಯೂಟರ್ ಇತ್ತು. ಮುಖದ ಮೇಲೆ ಚುಕ್ಕಿಗಳನ್ನಿಟ್ಟರೆ ಅದು ಚಿತ್ರದಲ್ಲಿ ಅವನ್ನು ತಾನೇ ಹುಡುಕಿ, ಎಡಕ್ಕೂ ಬಲಕ್ಕೂ ಎಷ್ಟು ಸಮವಿದೆ ಎಂದು ಅಳೆದು, ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ಕಂಪ್ಯೂಟರಿನ ಕೋಣೆಗೆ ಆಗೆಲ್ಲ ಚಪ್ಪಲಿ ಬಿಟ್ಟೇ ಹೋಗಬೇಕು. ಅವ್ವ ಚಪ್ಪಲಿ ಬಿಟ್ಟವಳು ಕೈಯನ್ನೂ ಮುಗಿದಳು. ಯಾವುದಕ್ಕೂ ಇರಲಿ ಎಂದು ನಾನೂ ಮುಗಿದೆ.

ಮೊಮ್ಮಗ ಸ್ಟಿಕ್ಕರ್ ಬೊಟ್ಟಿನ ಹಾಳೆ ತೆಗೆದ. ಅವ್ವ ಮುಖ ಹಿಂದಕ್ಕೆಳೆದುಕೊಂಡಳು.

“ತಗಿ ಅತ್ಲಾಗೆ. ನಿಮ್ ತಾತ ಓದ್ಮೇಕೆ ನಾನು ಬೊಟ್ಟು ಮುಟ್ಟಿಲ್ಲ.”

“ಹಣೆಗಲ್ಲ ಕಣಜ್ಜಿ, ಕೆನ್ನೆಗೆ.”

“ಅಣೆಗಿಕ್ಕೋದ್ನ ಕೆನ್ನೆಗಿಕ್ಕುದ್ರೆ ಬ್ಯಾರೆ ಆಗೋಯ್ತದಾ?”

ಕಾಡಿಗೆ ಇಟ್ಟು ನೋಡಿದ. ಅವ್ವನ ಕಪ್ಪು ಮೈಬಣ್ಣದ ಮೇಲೆ ಅದು ಕಂಪ್ಯೂಟರಿಗೆ ಕಾಣಲೇ ಇಲ್ಲ. ಕೊನೆಗೆ ಅವ್ವನೇ, “ಒಸಿ ಅಕ್ಕಿಹಿಟ್ಟು ತರ್ಸು” ಅಂದಳು. ಹಾಸ್ಟೆಲಿನ ಅಡಿಗೆಮನೆಯಿಂದ ಹಿಟ್ಟು ಬಂತು. ಅದನ್ನು ನೀರಲ್ಲಿ ಕಲಸಿ, ಕಡ್ಡಿಯ ತುದಿಯಿಂದ ಮೊಮ್ಮಗ ಹುಬ್ಬಿಗೆ, ಕಣ್ಣಿನ ಕೆಳಗೆ, ಬಾಯಂಚಿಗೆ ಚುಕ್ಕಿ ಇಟ್ಟ. ನಾಲ್ಕು ಅಂಕ ಬಂತು. ಮುಂದಿನ ತಿಂಗಳು ಐದು.

“ಐದಂದ್ರೆ ಪಾಸಾ?”

“ಪಾಸು ಕಣಜ್ಜಿ.”

“ಇನ್ನೂ ಸೋರ್ತದಲ್ಲಪ್ಪ.”

ಮೂರನೆಯ ಸಲ ಹೋದಾಗ ಅವನು ಪರೀಕ್ಷೆಯ ಕೆಲಸದಲ್ಲಿದ್ದ. ಅವನು ಬರುವುದರೊಳಗೆ ಕಲಸಿದ ಹಿಟ್ಟು ಒಣಗಿಹೋದೀತೆಂದು ಅವ್ವ ನನ್ನ ಜೇಬಿನ ಕನ್ನಡಿ ಇಸಿದುಕೊಂಡು ತಾನೇ ಚುಕ್ಕಿ ಇಟ್ಟುಕೊಂಡಳು. ಅವನು ಓಡುತ್ತಾ ಬಂದು ಗುಂಡಿ ಒತ್ತಿದ.

ಒಂಬತ್ತೂವರೆ!

ಅವ್ವ ಎರಡು ಕೈಯಲ್ಲೂ ಕೆನ್ನೆ ಮುಟ್ಟಿ ನೋಡಿಕೊಂಡಳು. ನಾನು ಎದುರಿನ ಎಸ್‌ಟಿಡಿ ಬೂತಿಗೆ ಓಡಿದೆ. “ವಾಸಿಯಾಗ್ಬುಟ್ಟಳು ಕಣಕ್ಕ! ಕಂಪ್ಯೂಟ್ರೇ ಯೋಳ್ತು!” ಅಕ್ಕ ಆ ಕಡೆ ಅಳತೊಡಗಿದಳು. ನನ್ನ ಕಣ್ಣಿಗೂ ಏನೋ ಬಿದ್ದಿರಬೇಕು.

ವಾಪಸು ಬಂದರೆ ಮೊಮ್ಮಗ ಚಿತ್ರವನ್ನು ದೊಡ್ಡದು ಮಾಡಿಕೊಂಡು ಸುಮ್ಮನೆ ನೋಡುತ್ತಾ ಕೂತಿದ್ದ. ಬಲಗಡೆಯ ಚುಕ್ಕಿ ಬಾಯಂಚಿನ ಮೇಲೇ ಇತ್ತು. ಎಡಗಡೆಯದು ಬಾಯಂಚಿಗಿಂತ ಒಂದು ಬೆರಳು ಮೇಲೆ, ಕೆನ್ನೆಯಲ್ಲಿ.

“ಅಜ್ಜಿ, ಇದನ್ನ ಬಾಯಂಚಲ್ಲೇ ಇಡಬೇಕಿತ್ತಲ್ಲ?”

“ಅಲ್ಲಿಕ್ಕುದ್ರೆ ಸೊಟ್ಟ ಆಯ್ತಿತ್ತು ಕಣ್ಲಾ. ಇಷ್ಟು ವರ್ಸ ಬಾಗ್ಲಿಗೆ ರಂಗೋಲೆ ಬುಟ್ಟಿವ್ನಿ, ಒಂದ್ ಚುಕ್ಕಿ ಸೊಟ್ಟ ಇಕ್ಕಿಲ್ಲ.”

ಬದು ತಮಗೆ ಬೇಕಾದಂತೆ ಬರಲೆಂದು ಬಾಂದುಕಲ್ಲು ಕಿತ್ತು ನೆಟ್ಟುಕೊಂಡ ರೈತರನ್ನು ನಾನು ಬೇಕಾದಷ್ಟು ಗದರಿಸಿದ್ದೇನೆ, ಒಬ್ಬಿಬ್ಬರ ಮೇಲೆ ವರದಿಯನ್ನೂ ಬರೆದಿದ್ದೇನೆ. ಈ ಪ್ರಕರಣದಲ್ಲಿ ಮಾತ್ರ ಸರ್ವೆ ಇಲಾಖೆಯ ಬಾಯಿ ಕಟ್ಟಿತು.

ಮೊಮ್ಮಗ ಹಿಟ್ಟು ಒರೆಸಿ, ಚುಕ್ಕಿಗಳನ್ನು ಮತ್ತೆ ಅವುಗಳ ಜಾಗದಲ್ಲಿ ಇಟ್ಟ. ಗುಂಡಿ ಒತ್ತಿದ. ಐದೂವರೆ. ಅವ್ವ ಪರದೆಯನ್ನೂ ಅವನನ್ನೂ ನೋಡಿದಳು.

“ಅಂಗಾರೆ ವಾಸಿಯಾಗಿಲ್ಲ.”

“ಸ್ವಲ್ಪ ಆಗಿದೆ ಅಜ್ಜಿ. ನಿಧಾನ ಕಣೆ.”

ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೂತಳು. ಆ ಹೊತ್ತಿಗೆ ಕಾಲೇಜಿನ ಜವಾನ ಟೀ ತಂದ. ಕೋಣೆಯಲ್ಲಿ ಮೊಮ್ಮಗನ ಜೊತೆ ಕೆಲಸ ಮಾಡುವ ಇಬ್ಬರು ಮೇಷ್ಟ್ರುಗಳೂ ಇದ್ದರು. ಲೋಟ ಅವ್ವನ ಕಡೆ ಬಂದಾಗ, ಅವಳಿಗೆ ಬೇಡ ಎಂದು ನಾನೇ ಕೈ ಅಡ್ಡ ಹಿಡಿದೆ. ಮೂರು ತಿಂಗಳ ಅಭ್ಯಾಸ. ಅವ್ವ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿ ಲೋಟ ತೆಗೆದುಕೊಂಡಳು.

ನಾವು ನಾಲ್ವರೂ ಬಹಳ ಮರ್ಯಾದಸ್ಥರಂತೆ ಕಿಟಕಿಯ ಹೊರಗೆ ನೋಡತೊಡಗಿದೆವು.

“ಅಲ್ಲೇನ್ ಐತೆ? ಇಲ್ನೋಡ್ರಪ್ಪ.”

ನೋಡಿದೆವು. ಒಂದು ಗುಟುಕು ಕುಡಿದಳು. ಎಡಗಡೆಯಿಂದ ಒಂದು ತೊಟ್ಟು ಗಲ್ಲಕ್ಕಿಳಿಯಿತು, ಸೆರಗಿನಲ್ಲಿ ಒರೆಸಿಕೊಂಡಳು. ಮತ್ತೆ ಕುಡಿದಳು. ಮತ್ತೊಂದು ತೊಟ್ಟು. ಲೋಟ ಖಾಲಿಯಾಯಿತು.

“ಎಲ್ಡೇ ತೊಟ್ಟು. ಯುಗಾದೀಲಿ ಅರ್ಧ ಲೋಟ ಸೋರ್ತಿತ್ತು. ಅದ್ನೂ ಬರ್ಕೊಳ್ಲಾ.”

ಮೊಮ್ಮಗ ನಿಜವಾಗಿಯೂ ಪುಸ್ತಕ ತೆಗೆದು ಬರೆದುಕೊಂಡ.

ಬಸ್ಸಿಗೆ ಕಾಯುವಾಗ ಅವ್ವ ಪಕ್ಕದ ಹೋಟೆಲಿನ ಕಡೆ ನೋಡಿ, “ಇಡ್ಲಿ ಐತೇನೋ ಕೇಳ್ಲಾ” ಅಂದಳು. ಒಳಗೆ ಜಾಗವಿತ್ತು. ಅವಳು ರಸ್ತೆಗೆ ಮುಖ ಮಾಡಿದ ಬೆಂಚಿನ ಮೇಲೆಯೇ ಕೂತಳು. ನಾನು ಎದುರಿಗೆ ಕೂತೆ. ಸಾಂಬಾರು ಒಂದಿಷ್ಟು ಸೋರಿತು, ಒರೆಸಿಕೊಂಡು ತಿನ್ನುತ್ತಾ ಹೋದಳು. ಅಕ್ಕನಿಗೆ ಮತ್ತೆ ಫೋನು ಮಾಡಿ ಒಂಬತ್ತೂವರೆಯನ್ನು ಹಿಂದಕ್ಕೆ ಪಡೆಯಬೇಕಲ್ಲ ಎಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ನಮ್ಮ ಬಸ್ಸು ಬಂದು ನಿಂತಿತು.

“ಓಗ್ಲಿ ಬುಡು, ಇನ್ನೊಂದು ಬತ್ತದೆ” ಅಂದಳು ಅವ್ವ, ತಟ್ಟೆಯಿಂದ ತಲೆ ಎತ್ತದೆ.