ಹುಣಸೆಹಣ್ಣು ಹಚ್ಚಿ ತಿಕ್ಕಿದ ಅಚ್ಚು

ಕ್ರಿಸ್‌ಮಸ್ಸಿಗೆ ಹೂವಿನ ಆಕಾರದಲ್ಲಿ ಎಣ್ಣೆಯಲ್ಲಿ ಕರಿಯುವ ರೋಸ್ ಕುಕ್ಕಿಗೆ ನಮ್ಮ ಮನೆಯಲ್ಲಿರುವ ಅಚ್ಚು ಅಂಗಡಿಯಿಂದ ತಂದದ್ದಲ್ಲ. ಮಾವನವರು ಪೀಣ್ಯದ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದಾಗ, ಅತ್ತೆಗೆಂದು ಹಿತ್ತಾಳೆಯಲ್ಲಿ ಎರಕ ಹೊಯ್ದು, ಅಂಚುಗಳನ್ನು ತಾವೇ ಅರದಿಂದ ಉಜ್ಜಿ ತಂದುಕೊಟ್ಟದ್ದು. ಎಂಟು ಎಸಳಿನ ಹೂವು, ಅದಕ್ಕೊಂದು ಉದ್ದನೆಯ ಕಬ್ಬಿಣದ ಹಿಡಿ. ಎಂಟರಲ್ಲಿ ಒಂದು ಎಸಳು ತುಸು ಸೊಟ್ಟ. ಹಾಗಾಗಿ ನಾವಿರುವ ಲಗ್ಗೆರೆಯ ಯಾರ ಮನೆಯ ತಟ್ಟೆಯಲ್ಲಿದ್ದರೂ ನಮ್ಮ ಕುಕ್ಕಿಯನ್ನು ನಾನು ಗುರುತು ಹಿಡಿಯಬಲ್ಲೆ.

ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಇರುವಾಗ ಆ ಅಚ್ಚು ಅಡುಗೆಮನೆಯ ಗೋಡೆಯ ಮೊಳೆಯಿಂದ ಇಳಿಯುತ್ತದೆ. ಅಚ್ಚು ಹಿಡಿದವರೇ ಮೊದಲ ಕುಕ್ಕಿಯನ್ನು ಗೋದಲಿಯಲ್ಲಿರುವ ಬಾಲಯೇಸುವಿನ ಮುಂದೆ ಇಡಬೇಕು. ಮೊದಲ ತಟ್ಟೆ ಕೆಳಗಿನ ಮನೆಯ ಓನರ್ ಅಜ್ಜಿಗೆ. ಸಂಕ್ರಾಂತಿಯ ದಿನ ಆ ತಟ್ಟೆ ಎಳ್ಳುಬೆಲ್ಲ ತುಂಬಿಕೊಂಡು ಮೆಟ್ಟಿಲು ಹತ್ತಿ ವಾಪಸು ಬರುತ್ತದೆ. ಅತ್ತೆಯ ಕೈ ನಡುಗಲು ಶುರುವಾದ ಮೇಲೆ ಹನ್ನೊಂದು ಕ್ರಿಸ್‌ಮಸ್ ಆ ಹಿಡಿ ನನ್ನ ಕೈಯಲ್ಲಿತ್ತು. ಮನೆಯಲ್ಲಿ ನನ್ನ ಜಾಗ ಯಾವುದು ಎಂದು ಯಾರಾದರೂ ಕೇಳಿದ್ದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮನಸ್ಸಿನಲ್ಲಿ ಮಾತ್ರ ಆ ಮೊಳೆಯನ್ನೇ ತೋರಿಸುತ್ತಿದ್ದೆ.

ಎರಡು ವರ್ಷದ ಹಿಂದೆ ಮೈದುನ ಮದುವೆಯಾದ. ಹುಡುಗಿ ವಿಜಯಪುರದ ಕಡೆಯವಳು, ರಾಜಗೋಪಾಲನಗರದಲ್ಲಿ ರೂಮು ಮಾಡಿಕೊಂಡು ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು. ಮದುವೆಗೆ ಮುಂಚೆ ಜ್ಞಾನಸ್ನಾನ ಪಡೆದಳು. ನಾನು ಕಾನ್ವೆಂಟಿನಲ್ಲಿ ಓದಿದವಳು, ಜಪಸರದ ಪ್ರಾರ್ಥನೆಗಳು ನಿದ್ದೆಯಲ್ಲೂ ತಪ್ಪುವುದಿಲ್ಲ. ಅವಳು ಅರ್ಧಕ್ಕೆ ಮರೆತು, ಕಣ್ಣು ಗಟ್ಟಿಯಾಗಿ ಮುಚ್ಚಿ, "ಯಪ್ಪಾ ದೇವರ, ಮುಂದಿಂದು ನಿನಗ ಗೊತ್ತೈತಿ" ಎಂದುಬಿಡುತ್ತಿದ್ದಳು. ಅತ್ತೆಯ ಕಣ್ಣು ತುಂಬುತ್ತಿತ್ತು. ನನ್ನ ಹನ್ನೊಂದು ವರ್ಷದ ತಪ್ಪಿಲ್ಲದ ಪ್ರಾರ್ಥನೆಗೆ ಅತ್ತೆ ಒಮ್ಮೆಯೂ ಅತ್ತದ್ದಿಲ್ಲ.

ಅವಳು ಅಂಗೈಯಲ್ಲಿ ಪಟಪಟ ಬಡಿಯುವ ಜೋಳದ ರೊಟ್ಟಿಗೆ ಅತ್ತೆ ಹಲ್ಲಿನ ಸೆಟ್ ತೊಳೆದು ಹಾಕಿಕೊಂಡು ಕಾಯುತ್ತಿದ್ದರು. ನನ್ನ ಚಪಾತಿ ಇರುವ ದಿನ ಸೆಟ್ ಡಬ್ಬಿಯಲ್ಲೇ ಇರುತ್ತಿತ್ತು. ಅವಳನ್ನು 'ಮಗೂ' ಎನ್ನುವರು. ನನ್ನನ್ನು 'ಏನಮ್ಮ' ಎನ್ನುವರು. ಇಂಥವನ್ನೆಲ್ಲ ನಾನು ಬೇಡವೆಂದರೂ ಗಮನಿಸುತ್ತಿದ್ದೆ.

ಕಳೆದ ಡಿಸೆಂಬರಿನಲ್ಲಿ ಅಕ್ಕಿ ನೆನೆಹಾಕುತ್ತಿದ್ದಾಗ ಅತ್ತೆ ಹೇಳಿದರು, "ಏನಮ್ಮ, ಈ ಸಲ ಅಚ್ಚು ಚಿಕ್ಕವಳು ಹಿಡೀಲಿ. ನಿಂಗೂ ಸ್ವಲ್ಪ ರೆಸ್ಟು."

"ಅದಕ್ಕೇನತ್ತೆ, ಹಿಡೀಲಿ," ಎಂದೆ.

ರೆಸ್ಟು ಬೇಕು ಎಂದು ನಾನು ಯಾರನ್ನು ಕೇಳಿದ್ದೆ? ಅಕ್ಕಿಯನ್ನು ಮೂರು ಸಲ ತೊಳೆಯುವ ಕಡೆ ಐದು ಸಲ ತೊಳೆದೆ.

ಮಾರನೆಯ ಮಧ್ಯಾಹ್ನ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ತೆಂಗಿನಕಾಯಿ ತುರಿಯುತ್ತಿದ್ದೆ. ಹೊರಗೆ ನಲ್ಲಿಯ ಬುಡದಲ್ಲಿ ಓರಗಿತ್ತಿ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಕೈಯಲ್ಲಿ ಅಚ್ಚು, ಪಕ್ಕದಲ್ಲಿ ನಿಂಬೆಗಾತ್ರದ ಹುಣಸೆಹಣ್ಣು, ಒಂದು ಹಿಡಿ ಕಲ್ಲುಪ್ಪು. ತೆಂಗಿನ ನಾರಿನಿಂದ ಒಂದೊಂದೇ ಎಸಳನ್ನು ತಿಕ್ಕುತ್ತಿದ್ದಳು. ಕಪ್ಪು ನೀರು ಹರಿಯುತ್ತಿತ್ತು. ಎಸಳಿನಿಂದ ಎಸಳಿಗೆ ಹಿತ್ತಾಳೆ ಹೊಸ ಬಳೆಯ ಹಾಗೆ ಹೊಳೆಯತೊಡಗಿತು.

ಆ ಅಚ್ಚನ್ನು ತೊಳೆಯಬಾರದು. ಬಟ್ಟೆಯಲ್ಲಿ ಒರೆಸಿ ನೇತುಹಾಕಬೇಕು, ಅಷ್ಟೇ. ಎಣ್ಣೆ ಕುಡಿದು ಕಪ್ಪಾದ ಅಚ್ಚಿಗೆ ಹಿಟ್ಟು ಅಂಟುವುದಿಲ್ಲ. ಬರಿ ಹಿತ್ತಾಳೆ ಹಿಟ್ಟನ್ನು ಕಚ್ಚಿಕೊಂಡುಬಿಡುತ್ತದೆ. ಇದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. "ಬೇಡ ಕಣೇ, ನಿಲ್ಲಿಸು" ಎನ್ನಲು ಬೇಕಿದ್ದದ್ದು ಒಂದು ಉಸಿರು. ಆಗಲೇ ಮೂರು ಎಸಳು ಮುಗಿದಿತ್ತು, ಐದು ಉಳಿದಿತ್ತು. ನಾನು ಕಾಯಿ ತುರಿಯುತ್ತಾ ನಿಂತೆ, ಎಂಟೂ ಮುಗಿಯುವ ತನಕ. ಒಮ್ಮೆ ಅವಳು ತಲೆಯೆತ್ತಿ ನಕ್ಕಳು. ನಾನೂ ನಕ್ಕೆ.

ಮಾರನೆಯ ಬೆಳಿಗ್ಗೆ ಬಾಣಲೆ ಒಲೆಗೇರಿತು. ಅಕ್ಕಿಹಿಟ್ಟು, ಮೊಟ್ಟೆ, ತೆಂಗಿನಹಾಲು, ಸಕ್ಕರೆ, ಎಳ್ಳು, ಎಲ್ಲ ಕಲಸಿದ್ದು ನಾನೇ. ಅದರಲ್ಲಿ ಮೋಸವಿರಲಿಲ್ಲ. ಅವಳು ಸೆರಗು ಸಿಕ್ಕಿಸಿ, ಶಿಲುಬೆಯ ಗುರುತು ಹಾಕಿ, ಕಾದ ಅಚ್ಚನ್ನು ಹಿಟ್ಟಿಗೆ ಅದ್ದಿ ಎಣ್ಣೆಗಿಳಿಸಿದಳು. ಅಲ್ಲಾಡಿಸಿದಳು. ಹೂವು ಬಿಡಲಿಲ್ಲ. ಮತ್ತೆ ಅಲ್ಲಾಡಿಸಿದಳು. ಅಂಚು ಕಂದಿತು, ಕಪ್ಪಾಯಿತು. ಚಾಕುವಿನ ತುದಿಯಿಂದ ಕೆರೆದರೆ ಚೂರುಚೂರು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಅವಳ ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತು. ನನಗೆ ಒಳಗೆ ತಂಪೆನಿಸಿತು. ಸುಳ್ಳು ಹೇಳಿ ಏನು ಪ್ರಯೋಜನ?

ಸೀದ ವಾಸನೆಗೆ ಓನರ್ ಅಜ್ಜಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. "ಏನ್ರವ್ವಾ, ಏಸಪ್ಪನ ಅಬ್ಬಕ್ಕೆ ಈ ಸಲ ಇದ್ಲು ಕರೀತಿದ್ದೀರಾ?"

ಅತ್ತೆ ಎದ್ದು ಬಂದರು. ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದರು. "ಇದ್ಯಾಕೆ ಇಷ್ಟು ಥಳಥಳ ಅಂತಿದೆ? ಯಾರು ತೊಳೆದದ್ದು?"

"ನಾನರೀ ಅತ್ತಿ. ಹುಣಸಿಹಣ್ಣು ಹಚ್ಚಿ ತಿಕ್ಕಿದ್ನಿ. ನಮ್ಮ ಕಡಿ ಹಬ್ಬಕ್ಕ ಹಿತ್ತಾಳಿ ಕರ್ರಗ ಇಟ್ರ ಬೈತಾರ್ರಿ."

"ಅಯ್ಯೋ ಮಗೂ, ಅಷ್ಟು ವರ್ಷದ ಎಣ್ಣೆ ಇತ್ತಲ್ಲೇ ಅದರಲ್ಲಿ. ಯಾರೂ ಹೇಳ್ಲಿಲ್ವಾ ನಿಂಗೆ?"

ಅತ್ತೆ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಬಹುಶಃ ಏನೋ ಒಂದು ನೆಪ ಹೇಳುತ್ತಿದ್ದೆ.

ನಮ್ಮ ಪಾಪನಿವೇದನೆಯ ಪ್ರಾರ್ಥನೆಯಲ್ಲಿ ಮಾಡಿದ್ದರ ಜೊತೆ ಮಾಡದೆ ಬಿಟ್ಟದ್ದನ್ನೂ ಒಪ್ಪಿಕೊಳ್ಳುತ್ತೇವೆ. ಕಾನ್ವೆಂಟಿನಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಒಬ್ಬರು ಅದನ್ನು ನಮಗೆ ಬಿಡಿಸಿ ಹೇಳಿದ್ದರು: "ಹಾಲು ಉಕ್ಕೋದನ್ನ ನೋಡ್ತಾ ನಿಂತವಳೂ ಚೆಲ್ಲಿದವಳೇ." ಪ್ರತಿ ಭಾನುವಾರ ಎದೆ ತಟ್ಟಿಕೊಳ್ಳುವಾಗ ನಾನು ಆ 'ಮಾಡದೆ ಬಿಟ್ಟದ್ದು' ಎಂಬ ಮಾತನ್ನು ದಾಟಿ ಹೋಗುತ್ತಿದ್ದೆ, ಅದು ನನ್ನಂಥ ಮೆದು ಸ್ವಭಾವದವಳಿಗೆ ಹೇಳಿದ್ದಲ್ಲವೇನೋ ಎಂಬಂತೆ. ಹೊಟ್ಟೆಕಿಚ್ಚಿಗೆ ತಮ್ಮನನ್ನೇ ಕೊಂದ ಬೈಬಲ್ಲಿನ ಕಾಯಿನನನ್ನು ದೇವರು ನಿನ್ನ ತಮ್ಮನೆಲ್ಲಿ ಎಂದು ಕೇಳಿದ್ದು ಹೊಲದಲ್ಲಿ. ನನ್ನನ್ನು ಕೇಳಿದ್ದು ಅಡುಗೆಮನೆಯಲ್ಲಿ, ಅತ್ತೆಯ ಬಾಯಿಂದ.

"ನಾನು ನೋಡಿದ್ದೆ ಅತ್ತೆ," ಎಂದೆ. "ಅವಳು ತಿಕ್ಕುವಾಗ ಕಿಟಕೀಲಿ ನಿಂತಿದ್ದೆ."

ಓರಗಿತ್ತಿ ತಕ್ಷಣ ನನ್ನ ಪರವಾಗಿ ಮಾತಾಡಿದಳು. "ಹೌದ್ರಿ ಅತ್ತಿ, ಅಕ್ಕಾರು ನಿಂತಿದ್ರು. ಅವರು ನೋಡಾಕತ್ತಾರಂತನ ನಾ ಇನ್ನೂ ಜೋರ ತಿಕ್ಕಿದ್ನಿ. ಅಕ್ಕಾರಿಗೆ ಗೊತ್ತಿದ್ರ ಹೇಳತಿದ್ರಲ್ರಿ?"

ಅವಳು ಆ ಐದು ಎಸಳನ್ನು ತಿಕ್ಕಿದ್ದು ನಾನು ಮೆಚ್ಚಲಿ ಎಂದು!

"ಗೊತ್ತಿತ್ತು," ಎಂದೆ. "ಬೇಕಂತಲೇ ಹೇಳ್ಲಿಲ್ಲ."

ಓನರ್ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಓರಗಿತ್ತಿ ಮೆಲ್ಲಗೆ ಕೇಳಿದಳು, "ನನ್ನ ಮ್ಯಾಲ ಅಷ್ಟ ಸಿಟ್ಟೇನ್ರಿ ಅಕ್ಕಾರ?"

"ಸಿಟ್ಟಲ್ಲ ಕಣೇ. ಹೊಟ್ಟೆಕಿಚ್ಚು."

"ಅದನ್ನ ಆಮೇಲೆ ಇಬ್ರೂ ಕೂತು ಮಾತಾಡ್ಕೊಳ್ಳಿ," ಎಂದರು ಅತ್ತೆ. "ಮೊದಲು ಗ್ಯಾಸ್ ಸಣ್ಣ ಮಾಡಿ, ಎಣ್ಣೆ ಹೊಗೆಯಾಡ್ತಿದೆ. ನಿಮ್ಮ ಮಾವ ತಂದುಕೊಟ್ಟಾಗಲೂ ಇದು ಹೀಗೇ ಹೊಳೀತಿತ್ತು. ಮೊದಲ ದಿನ ನಾನು ಕೆರೆದದ್ದು ಎಷ್ಟು ಅಂತೀರಿ! ಎಣ್ಣೇಲಿ ಬಿಡಿ, ಕುಡೀಲಿ."

ಅಚ್ಚನ್ನು ಸಣ್ಣ ಉರಿಯ ಎಣ್ಣೆಯಲ್ಲಿ ಬಹಳ ಹೊತ್ತು ಬಿಟ್ಟೆವು. ಓನರ್ ಅಜ್ಜಿ ಸೀದ ಚೂರುಗಳಲ್ಲಿ ಒಳ್ಳೆಯದನ್ನು ಆರಿಸಿ ತಿನ್ನುತ್ತಾ, "ರುಚಿಗೇನು ಮೋಸ ಇಲ್ಲ ಬುಡಿ" ಎಂದರು. ಆಮೇಲೆ ಓರಗಿತ್ತಿ ಹಿಡಿಯನ್ನು ನನ್ನತ್ತ ಚಾಚಿದಳು. "ನೀವ ಹಿಡೀರಿ ಅಕ್ಕಾರ. ನನ್ನ ಕೈಗೆ ಬರೂದಿಲ್ಲ."

ನನಗೆ ಅದು ಎಷ್ಟು ಬೇಕಾಗಿತ್ತೆಂದರೆ ಅಂಗೈ ತಾನಾಗಿ ತೆರೆಯಿತು. ಆದರೂ ಹಿಡಿಯ ಬದಲು ಅವಳ ಮಣಿಕಟ್ಟು ಹಿಡಿದೆ. "ನೀನೇ ಹಿಡಿ. ಮುಕ್ಕಾಲು ಭಾಗ ಮಾತ್ರ ಅದ್ದು. ಮೇಲಿನ ಅಂಚು ಹಿಟ್ಟಲ್ಲಿ ಮುಳುಗಿದ್ರೆ ಹೂವು ಬಿಡಲ್ಲ." ಇದೊಂದು ಮಾತನ್ನು ನಾನು ಬೇರೆ ಯಾರಿಗೂ ಹೇಳಿರಲಿಲ್ಲ.

ನಾಲ್ಕನೆಯದು ಅರ್ಧ ಬಿಟ್ಟಿತು. ಏಳನೆಯದು ಇಡಿಯಾಗಿ, ಸೊಟ್ಟ ಎಸಳಿನ ಸಮೇತ, ಎಣ್ಣೆಯ ಮೇಲೆ ತೇಲಿತು. ಅತ್ತೆ ನಡುಗುವ ಕೈಯಲ್ಲೇ ಚಪ್ಪಾಳೆ ತಟ್ಟಿದರು. "ಅಬ್ಬಾ, ನನ್ನ ಮಗು!" ನನ್ನ ಎದೆಗೆ ಹೊಟ್ಟೆಕಿಚ್ಚಿನ ಮುಳ್ಳು ಮತ್ತೆ ಚುಚ್ಚಿತು. ಒಪ್ಪಿಕೊಂಡ ಮಾತ್ರಕ್ಕೆ ಅದು ಹೋಗುವುದಿಲ್ಲ ಎಂದು ಆಗ ತಿಳಿಯಿತು. ಮನಸ್ಸೂ ಅಚ್ಚಿನಂತೆಯೇ, ಏನೂ ಕಚ್ಚಿಕೊಳ್ಳದ ಹಾಗಾಗಲು ದಿನವೂ ಅಷ್ಟಿಷ್ಟು ಎಣ್ಣೆ ಕುಡಿಯಬೇಕೇನೋ.

ಅವಳು ಆ ಹೂವನ್ನು ಎರಡೂ ಕೈಯಲ್ಲಿ ಹಿಡಿದು ಗೋದಲಿಯ ಮುಂದಿಟ್ಟು ಮೊಣಕಾಲೂರಿದಳು. ನಾನು ಹಿಂದೆ ನಿಂತು, ಅವಳು ಪ್ರಾರ್ಥನೆ ಮರೆತ ಕಡೆ ಮುಂದಿನ ಪದವನ್ನು ಮೆಲ್ಲಗೆ ಎತ್ತಿಕೊಟ್ಟೆ.

ಕರಿಯುವುದೆಲ್ಲ ಮುಗಿದ ಮೇಲೆ ಅಚ್ಚನ್ನು ಬಟ್ಟೆಯಲ್ಲಿ ಒರೆಸಿ ಮೊಳೆಗೆ ನೇತುಹಾಕಿದ್ದು ಮಾತ್ರ ನಾನೇ. ಅಷ್ಟನ್ನೂ ಬಿಟ್ಟುಕೊಡಲು ನನಗಿನ್ನೂ ಆಗುತ್ತಿಲ್ಲ.